‘ಲವಣದ ಮೇಲೆ’ ಎಂಬ ಪ್ರಯೋಗದ ವಿಚಾರ

ವಾಯುಮಂಡಲದ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸುವಾಗ ‘ಅಯೋಡಿನ್ ಅನಿಲಗಳು ಲವಣದ ಮೇಲೂ ಹಿಮದ ಮೇಲೂ ವರ್ತಿಸುತ್ತವೆ’ ಎಂಬಂತಹ ವಾಕ್ಯವು ಸುಲಭವಾಗಿ ಬರುತ್ತದೆ. ಇದರಲ್ಲಿ ವ್ಯಾಕರಣದೋಷವಿಲ್ಲ, ಅರ್ಥದೋಷವುಂಟೆಂದು ತೋರುತ್ತದೆ. ‘ಮೇಲೆ’ ಎಂಬ ಶಬ್ದವು ಸಪ್ತಮ್ಯರ್ಥವನ್ನು, ಅಂದರೆ ಅಧಿಕರಣವನ್ನು, ಬೋಧಿಸತಕ್ಕದ್ದು. ಚಾಪೆಯ ಮೇಲೆ ಕುಳಿತವನು ಎದ್ದುಹೋದರೂ ಚಾಪೆಯು ಚಾಪೆಯಾಗಿಯೇ ಉಳಿಯುವುದು. ಲವಣಹಿಮಗಳು ಈ ಪರಿಯ ಆಧಾರಮಾತ್ರಗಳೇ ಎಂಬುದು ವಿಚಾರಾರ್ಹವಾದ ವಿಷಯ.

ಪ್ರಕೃತ ವಸ್ತುಸ್ಥಿತಿಯು ಹೀಗಿದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬಾತನು ಕಡಲಪಾಚಿಯ ಬೂದಿಯಿಂದ ಪಡೆದ ಈ ಮೂಲದ್ರವ್ಯಕ್ಕೆ, ಅದರ ನೇರಿಳೆ ಬಣ್ಣದ ಆವಿಯ ಕಾರಣದಿಂದ, ಗ್ರೀಕ್ ಮೂಲದ ಹೆಸರು ಬಂದಿತು. ಸಮುದ್ರಜಲದಲ್ಲಿರುವ ಅಯೋಡೈಡಿನೊಡನೆ ಓಜೋನ್ ಕೂಡಿದಾಗ ಹೈಪೊಅಯೋಡಸ್ ಆಮ್ಲವೂ ಅಯೋಡಿನ್ ಅನಿಲವೂ ಹೊರಹೊಮ್ಮುತ್ತವೆ. ಬಿಸಿಲಿನಲ್ಲಿ ಬೇರ್ಪಟ್ಟ ಅಯೋಡಿನ್ ಪರಮಾಣುವು ಓಜೋನನ್ನು ಒಡೆದು ಅಯೋಡಿನ್ ಮಾನಾಕ್ಸೈಡ್ ಆಗುತ್ತದೆ. ಕಡಲಗಾಳಿಯಲ್ಲಿ ಇದರ ಇರುವಿಕೆಯು ಐರ್ಲೆಂಡಿನ ಮೇಸ್ ಹೆಡ್ ಎಂಬಲ್ಲಿ ಕಂಡುಬಂದುದು 1999ರಲ್ಲಿ ಪ್ರಕಟವಾಯಿತು. ಇದೇ ಮುಂದೆ ಮತ್ತೆ ಹೈಪೊಅಯೋಡಸ್ ಆಮ್ಲವಾಗಿಯೋ ಅಯೋಡಿನ್ ನೈಟ್ರೇಟ್ ಆಗಿಯೋ ಪರಿಣಮಿಸಿ, ಗಾಳಿಯಲ್ಲಿ ತೇಲುವ ಲವಣಕಣವನ್ನು ಸೇರುವುದು.

ಇಲ್ಲಿ ಪೂರ್ವಪಕ್ಷವು ಹೀಗೆ: ಕಣವು ಅನಿಲವನ್ನು ಧರಿಸುತ್ತದೆ, ಮಳೆಯೊಡನೆ ಇಳಿಯುತ್ತದೆ, ಆದಕಾರಣ ಲವಣವು ಅಧಿಕರಣವೇ ಸರಿ. ಈ ಮಾತು ಒಂದಂಶದಲ್ಲಿ ಸತ್ಯವಾದರೂ ಸಂಪೂರ್ಣ ಸತ್ಯವಲ್ಲ. ಆಮ್ಲಯುಕ್ತವಾದ ಕಣದಲ್ಲಿ ಹೈಪೊಅಯೋಡಸ್ ಆಮ್ಲವು ಲವಣದ ಕ್ಲೋರೈಡಿನೊಡನೆ ಕೂಡಿ ಅಯೋಡಿನ್ ಮಾನೊಕ್ಲೋರೈಡ್ ಆಗಿ ಗಾಳಿಗೆ ಮರಳುತ್ತದೆ. ಅಯೋಡಿನ್ ನೈಟ್ರೇಟ್ ಬಂದರಂತೂ ನೈಟ್ರೇಟ್ ಅಂಶವು ಉಳಿದು, ಕ್ಲೋರಿನ್ ಹೊರಟುಹೋಗಿ, ಉಪ್ಪೇ ಬೇರೊಂದು ಲವಣವಾಗುವುದು. ಕಡಲನೀರಿನಲ್ಲಿ ಒಂದು ಬ್ರೋಮೈಡಿಗೆ ಸುಮಾರು 650 ಕ್ಲೋರೈಡುಗಳಿದ್ದರೂ, ಬ್ರೋಮೈಡ್ ಇರುವವರೆಗೆ ಅಯೋಡಿನ್ ಅದನ್ನೇ ಹೆಚ್ಚಾಗಿ ಒಲಿದು ಹೊರಡುತ್ತದೆ. ಆಧಾರಮಾತ್ರವಾದುದರಲ್ಲಿ ಇಂತಹ ವರಣಕ್ಕೆ ಅವಕಾಶವೆಲ್ಲಿ? ಹೊರಟ ಅನಿಲವನ್ನು ಬೆಳಕು ಒಡೆದಾಗ ಲವಣದ ಕ್ಲೋರಿನ್, ಬ್ರೋಮಿನ್‌ಗಳೂ ಓಜೋನ್‌ನಾಶಕ್ಕೆ ತೊಡಗುತ್ತವೆ. ಆದ್ದರಿಂದ ಲವಣವು ಫಲಕ್ಕೆ ಉಪಾದಾನವೂ ಹೌದು, ಅಗಲಿಕೆಗೆ ಅಪಾದಾನವೂ ಹೌದು.

ಹಿಮಕ್ಕೆ ಇದೇ ನ್ಯಾಯವನ್ನು ಹಾಗೆಯೇ ಅನ್ವಯಿಸಲಾಗದು. ಶುದ್ಧಹಿಮದಲ್ಲಿ ಕೊಡತಕ್ಕ ಕ್ಲೋರೈಡೇ ಇಲ್ಲ. ಸಮುದ್ರವು ಹೆಪ್ಪುಗಟ್ಟುವಾಗಲಾದರೋ, ಉಪ್ಪು ಹರಳಿನೊಳಗೆ ಸೇರದೆ ಸಂದುಗಳಲ್ಲಿ ತೀಕ್ಷ್ಣವಾದ ಉಪ್ಪುನೀರಾಗಿ ನಿಲ್ಲುವುದು. ಅಲ್ಲಿ ‘ಹಿಮದ ಮೇಲೆ’ ಎಂದುದು ವಸ್ತುತಃ ಹಿಮದೊಳಗಣ ಲವಣದ ವ್ಯಾಪಾರವೇ ಆಗಬಹುದು. ಶುದ್ಧಹಿಮ, ಲವಣಯುಕ್ತಹಿಮ ಎಂಬ ಭೇದವನ್ನು ಹೇಳದ ಲೇಖಕನು ಎರಡು ಕಾರಣಗಳನ್ನು ಒಂದೇ ಪದದಲ್ಲಿ ಮುಚ್ಚಿದಂತಾಗುತ್ತದೆ.

ಇದು ಕೇವಲ ಶಬ್ದವಿವಾದವೆಂದು ಎಣಿಸಲಾಗದು. ಲವಣವನ್ನು ಆಧಾರಮಾತ್ರವೆಂದು ಎಣಿಸಿದವನ ಲೆಕ್ಕದಲ್ಲಿ ಕಣ ಸೇರಿದ ಅಯೋಡಿನ್ ವ್ಯಯವಾಯಿತು. ಅಪಾದಾನವೆಂದು ಬಲ್ಲವನ ಲೆಕ್ಕದಲ್ಲಿ ಅದು ಮರಳಿ ಬಂದಿತು, ಜೊತೆಗಾರರನ್ನೂ ತಂದಿತು. ಹೀಗೆ ಮರಳುವ ವೇಗವು ಗಣಿತಮಾದರಿಗಳು ಊಹಿಸಿದ್ದಕ್ಕಿಂತ ಅಧಿಕವೆಂದು ಮೇಸ್ ಹೆಡ್ಡಿನಲ್ಲಿ ಮಾಡಿದ ವೀಕ್ಷಣೆಗಳು 2021ರಲ್ಲಿ ತೋರಿಸಿದವು. ಉತ್ತರಧ್ರುವಸಾಗರದಲ್ಲಿ 2019-20ರಲ್ಲಿ ಹಿಮದೊಡನೆ ತೇಲಿದ ‘ಪೋಲಾರ್‌ಸ್ಟರ್ನ್’ ನೌಕೆಯ ಅಳತೆಗಳಿಂದ, ವಸಂತದ ಓಜೋನ್‌ನಾಶದಲ್ಲಿ ಅಯೋಡಿನ್ನಿನ ಪಾತ್ರವು ಬ್ರೋಮಿನ್ನಿನದಕ್ಕಿಂತಲೂ ಮಿಗಿಲೆಂದು 2022ರಲ್ಲಿ ಪ್ರಕಟವಾಯಿತು. ಗ್ರೀನ್‌ಲೆಂಡಿನ ಹಿಮಸ್ತರಗಳಲ್ಲಿ 1950ರಿಂದ 2010ರೊಳಗೆ ಅಯೋಡಿನ್ ಮೂರುಮಡಿಯಾಗಿರುವುದರಿಂದ ಈ ಲೆಕ್ಕದ ತಪ್ಪು ಸಣ್ಣದಾಗಿ ಉಳಿಯಲಾರದು.

ಹಾಗಾದರೆ ‘ಲವಣದಿಂದ’ ಎನ್ನಬಹುದೇ? ಹಳಗನ್ನಡ ವ್ಯಾಕರಣವು ಪಂಚಮಿಗೆ ‘ಅತ್ತಣಿಂ’ ಎಂಬ ಬೇರೆ ಪ್ರತ್ಯಯವನ್ನು ಹೇಳಿದ್ದರೂ, ಹೊಸಗನ್ನಡದ ಬಳಕೆಯಲ್ಲಿ ‘ಇಂದ’ ಎಂಬುದೇ ತೃತೀಯಾ ಪಂಚಮಿಗಳೆರಡರ ಕೆಲಸವನ್ನೂ ಮಾಡುತ್ತಿದೆ. ಇದರಿಂದ ಸಂದೇಹವುಂಟಾಗುವುದೆಂದು ಆಕ್ಷೇಪಿಸಬಹುದು. ಪ್ರಕೃತದಲ್ಲಿ ಆ ಸಂದೇಹವು ದೋಷವಲ್ಲ. ಲವಣವು ಸಾಧನವೂ ಅಗಲಿಕೆಯ ಮೂಲವೂ ಆಗಿರುವುದರಿಂದ ಎರಡರ್ಥವೂ ಸಲ್ಲುತ್ತವೆ. ಅನಿಲವು ಮೊದಲು ಮುಟ್ಟುವುದು ಹೊರಮೈಯನ್ನೇ ಆದುದರಿಂದ ‘ಮೇಲೆ’ ಎಂಬುದನ್ನು ಪೂರ್ಣವಾಗಿ ಬಿಡಬೇಕಾಗಿಲ್ಲ. ಆದರೆ ಅದನ್ನು ಪ್ರಯೋಗಿಸಿದವನು ಮುಂದಿನ ವಾಕ್ಯದಲ್ಲಿಯಾದರೂ ಲವಣವು ಏನನ್ನು ಕೊಟ್ಟಿತು, ಕೊಟ್ಟ ಮೇಲೆ ಏನಾಗಿ ಉಳಿಯಿತು ಎಂಬುದನ್ನು ಹೇಳತಕ್ಕದ್ದು.