ತೂಕ ಮರೆತ ಎಣ್ಣೆ

ಗಾಜಿನ ಬಾಟಲಿಯಲ್ಲಿ ಮುಕ್ಕಾಲು ನೀರು, ಎರಡು ಚಮಚ ಕಡಲೆಕಾಯಿ ಎಣ್ಣೆ. ಮುಚ್ಚಳ ಬಿಗಿದು ಜೋರಾಗಿ ಕುಲುಕಿದರೆ ಒಳಗೆಲ್ಲ ನೀರುಮಜ್ಜಿಗೆಯ ಬಣ್ಣ. ಮಕ್ಕಳಾಟವೆಂದು ಬಾಟಲಿಯನ್ನು ಅಲ್ಲಿಗೇ ಬಿಟ್ಟು ಹೋಗುವವರೇ ಹೆಚ್ಚು. ಸೊಗಸು ಶುರುವಾಗುವುದೇ ಆಮೇಲೆ. ಕಿಟಕಿಯ ಬೆಳಕಿಗೆ ಹಿಡಿಯಿರಿ. ದೊಡ್ಡ ಹನಿಗಳು ಸರಸರನೆ ಮೇಲೇರುತ್ತವೆ, ಪುಟ್ಟವು ತೆವಳುತ್ತವೆ. ಮೇಲಿನ ಎಣ್ಣೆಯ ಪದರ ಮುಟ್ಟಿದರೂ ತಕ್ಷಣ ಬೆರೆಯುವುದಿಲ್ಲ. ನಡುವಿನ ನೀರಿನ ತೆಳುಪೊರೆ ಸವೆಯುವವರೆಗೆ ಕಾದು, ಥಟ್ಟನೆ ಒಳಗೆ ಸೇರಿಹೋಗುತ್ತವೆ.

ಎಣ್ಣೆಗೂ ನೀರಿಗೂ ಹಗೆಯಿಲ್ಲ. ಅವುಗಳ ಅಣುಗಳ ನಡುವೆಯೂ ತುಸು ಸೆಳೆತವಿದೆ. ಆದರೆ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ತಮ್ಮತಮ್ಮಲ್ಲೇ ಗಾಢವಾಗಿ ಬೆಸೆದುಕೊಂಡಿರುತ್ತವೆ. ಎಣ್ಣೆಯ ಮಗ್ಗುಲಿಗೆ ಬಿದ್ದ ನೀರಿನ ಅಣುವಿಗೆ ಹೊರಳಾಡುವ ಸ್ವಾತಂತ್ರ್ಯ ಕಡಿಮೆ. ಹನಿಗಳು ಒಂದಾದಷ್ಟೂ ಎಣ್ಣೆ, ನೀರು ತಾಗುವ ಗಡಿ ಕಿರಿದಾಗುತ್ತದೆ. ಸೀಗೆಪುಡಿ ನೆನೆಸಿ ಸೋಸಿದ ನೀರು ಬೆರೆಸಿ ಕುಲುಕಿದರೆ ಹನಿಗಳು ಬೇಗ ಕೂಡಿಕೊಳ್ಳುವುದಿಲ್ಲ. ಅದರಲ್ಲಿರುವ ಸಪೋನಿನ್ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ಎಣ್ಣೆಗೆ.

ತೇಲುವುದು ಮಾತ್ರ ತೂಕದ ಮಾತು. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಎಣ್ಣೆ ಸುಮಾರು 920 ಗ್ರಾಂ, ಶುದ್ಧ ಆಲ್ಕೋಹಾಲ್ ಸುಮಾರು 790 ಗ್ರಾಂ. ಹಾಗಾಗಿ ನೀರಿನ ಮೇಲೆ ತೇಲುವ ಎಣ್ಣೆ ಆಲ್ಕೋಹಾಲಿನಲ್ಲಿ ಮುಳುಗುತ್ತದೆ. ಹಾಗಾದರೆ ನೀರನ್ನೂ ಆಲ್ಕೋಹಾಲನ್ನೂ ಹದವಾಗಿ ಬೆರೆಸಿ, ಎಣ್ಣೆ ತೇಲಲೂ ಬಾರದು, ಮುಳುಗಲೂ ಬಾರದು ಎಂಬಂತೆ ಮಾಡಿದರೆ?

ಬೆಲ್ಜಿಯಂನ ಘೆಂಟ್‌ನಲ್ಲಿ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ 1840ರ ದಶಕದಲ್ಲಿ ಇದನ್ನೇ ಮಾಡಿದರು. ಅಂಥ ಮಿಶ್ರಣದೊಳಗೆ ಬಿಟ್ಟ ಆಲಿವ್ ಎಣ್ಣೆ ನಟ್ಟನಡುವೆ ತುಂಬು ಗೋಳವಾಗಿ ನಿಂತಿತು. ತೂಕದ ಹಂಗು ತಪ್ಪಿದ ಮೇಲೆ ಉಳಿಯುವುದು ಮೇಲ್ಮೈಯ ಬಿಗಿತವೊಂದೇ. ಅಷ್ಟೇ ಎಣ್ಣೆಯನ್ನು ಅತಿ ಕಡಿಮೆ ಮೇಲ್ಮೈಯಲ್ಲಿ ಹಿಡಿಯಬಲ್ಲ ಆಕಾರ ಗೋಳ. ನಡುವೆ ಸಣ್ಣ ಕಡ್ಡಿ ತೂರಿಸಿ ತಿರುಗಿಸಿದಾಗ ಗೋಳ ಭೂಮಿಯಂತೆ ಧ್ರುವಗಳಲ್ಲಿ ಚಪ್ಪಟೆಯಾಯಿತು. ವೇಗ ಹೆಚ್ಚಿದಾಗ ಉಂಗುರವಾಗಿ ಬಿಡಿಸಿಕೊಂಡಿತು. ಅದೇ ದಶಕದಲ್ಲಿ ಕಣ್ಣು ಪೂರ್ತಿ ಹೋದ ಮೇಲೂ ಅವರು ಕೆಲಸ ಬಿಡಲಿಲ್ಲ. ಬೇರೆಯವರು ನೋಡಿ ಹೇಳಿದ್ದನ್ನು ಕೇಳಿ ಕೇಳಿಯೇ ಮುಂದುವರಿಸಿ, 1873ರಲ್ಲಿ ದ್ರವಗಳನ್ನು ಕುರಿತ ಎರಡು ಸಂಪುಟಗಳನ್ನು ಹೊರತಂದರು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಚೆಲುವಾದ ಹಠ ನನಗೆ ಬೇರೆ ಕಂಡಿಲ್ಲ.

ಮನೆಯಲ್ಲೂ ಈ ಎಣ್ಣೆಗೋಳವನ್ನು ನೋಡಬಹುದು. ಅರ್ಧ ಲೋಟ ನೀರು, ಮೇಲೆ ಒಂದು ಚಮಚ ಎಣ್ಣೆ. ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟನ್ನು ಲೋಟದ ಒಳಗೋಡೆಗುಂಟ ನಿಧಾನವಾಗಿ ಇಳಿಸಿ. ಹರಡಿಕೊಂಡಿದ್ದ ಎಣ್ಣೆ ಅಂಚಿನಿಂದ ಒಳಸರಿದು, ದಪ್ಪಗಾಗಿ, ದುಂಡಗಾಗುತ್ತದೆ. ಒಲೆ ಹತ್ತಿರ ಬೇಡ, ಸ್ಪಿರಿಟ್ ಬೆಂಕಿ ಹಿಡಿಯುತ್ತದೆ. ದುಂಡು ಲೋಟದ ಬಾಗಿದ ಗಾಜು ಗೋಳವನ್ನು ಅಡ್ಡಕ್ಕೆ ಹಿಗ್ಗಿಸಿ ತೋರಿಸುವುದರಿಂದ, ಚೌಕನೆಯ ಗಾಜಿನ ಡಬ್ಬಿ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.