ಬಿರುಕು ಓದುವ ಸೊಗಸು

ಒಣಗಿದ ಕೋರ್‌ಗೆ ಒಂದೇ ಬೂದಿ ಬಣ್ಣ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಕಪ್ಪು ಕಾಗೆಬಂಗಾರ, ಹಾಲುಬಿಳುಪಿನ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು ಬೇರೆ ಬೇರೆಯಾಗಿ ಎದ್ದು ಬರುತ್ತವೆ. ಸುರಂಗದ ಸುತ್ತಲಿನ ಬಂಡೆ ಮತ್ತು ಅಂತರ್ಜಲದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡಿನಲ್ಲಿ ಹೀಗೆ ಒಂದೊಂದೇ ತುಂಡನ್ನು ಒರೆಸುತ್ತ, ತಿರುಗಿಸುತ್ತ ಕೂತಿದ್ದಳು. ಬಂಡೆಯ ಮುರುಕಿನ ಮೇಲೆ ಅವಳಿಗಿದ್ದ ಆಸ್ಥೆ ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು.

ವೈಟ್‌ಫೀಲ್ಡಿನವರು ನೆಲ ಕೊರೆಯುವುದನ್ನು ಕಂಡಿರುವುದು ಕೊಳವೆಬಾವಿ ಲಾರಿಯಲ್ಲಿ. ಅದು ಬಂಡೆಯನ್ನು ರಾಗಿಹಿಟ್ಟಿನ ಹಾಗೆ ನುರಿದು ಮೇಲಕ್ಕೆ ಊದಿಬಿಡುತ್ತದೆ. ವಜ್ರದ ಹರಳು ಕೂರಿಸಿದ ಕೊಳವೆಯ ರೀತಿ ಬೇರೆ. ಸುತ್ತ ಕೊರೆದುಕೊಂಡು ಹೋಗಿ, ನಡುವಿನ ತಿರುಳನ್ನು ಇಡಿಯಾಗಿ ಎತ್ತಿಕೊಡುತ್ತದೆ. ಆ ತಿರುಳೇ ಕೋರ್. ಅದನ್ನು ಜೋಡಿಸಿಟ್ಟ ಮೊದಲ ಪೆಟ್ಟಿಗೆಯಲ್ಲಿ ಕೆಮ್ಮಣ್ಣು. ಮುಂದಿನದರಲ್ಲಿ ಗರಸು: ಮೂಲ ಬಂಡೆಯ ಗೆರೆಗಳೆಲ್ಲ ಹಾಗೆಯೇ ಉಳಿದಿವೆ, ಹೆಬ್ಬೆರಳಲ್ಲಿ ಒತ್ತಿದರೆ ಪುಡಿ, ಏಕೆಂದರೆ ಫೆಲ್ಡ್‌ಸ್ಪಾರ್ ಅಷ್ಟರಲ್ಲಿ ಜೇಡಿಯಾಗಿದೆ. ಅದರ ಕೆಳಗೆ ನೈಸ್ ಬಂಡೆ, ಲಾಲ್‌ಬಾಗಿನ ಗುಡ್ಡದ್ದೇ ವಂಶ. ವಯಸ್ಸು ಸುಮಾರು 300 ಕೋಟಿ ವರ್ಷ.

ಇಡಿಯಾದ ಉದ್ದ ತುಂಡುಗಳನ್ನು ಅವಳು ಬೇಗ ದಾಟಿದಳು. ಅವಳ ಕಣ್ಣು ನಿಲ್ಲುವುದು ತುಂಡು ಎಲ್ಲಿ ಮುರಿದಿದೆಯೋ ಅಲ್ಲಿ. ಯಂತ್ರದ ಅಲುಗಾಟಕ್ಕೆ ಮುರಿದ ಮುಖ ಹೊಸದಾಗಿ ಹೊಳೆಯುತ್ತದೆ, ಅದು ಲೆಕ್ಕಕ್ಕಿಲ್ಲ. ಹಳೆಯ ಬಿರುಕಿನ ಮುಖವೇ ಬೇರೆ. ತುಕ್ಕಿನ ಕಂದು ಬಣ್ಣ ಹಿಡಿದಿದ್ದರೆ, ಗಾಳಿ ಬೆರೆತ ಮಳೆನೀರು ಮೇಲಿನಿಂದ ಅಲ್ಲಿಯವರೆಗೆ ಇಳಿದು ಓಡಾಡಿದೆ. ಕಡುಹಸಿರು ಕ್ಲೋರೈಟಿನ ಲೇಪ ಇದ್ದರೆ ಬೆರಳು ಜಾರುತ್ತದೆ, ಸುರಂಗದ ಮೇಲೆ ಬಂಡೆಯೂ ಹಾಗೇ ಜಾರೀತು. ಕೆಲವು ಮುಖಗಳಲ್ಲಿ ನಯವಾದ ಗೀರುಗಳು: ಎಂದೋ ಒಂದು ಬದಿ ಇನ್ನೊಂದರ ಮೇಲೆ ಉಜ್ಜಿಕೊಂಡು ಸರಿದ ಗುರುತು. "ಸಾರ್, ಬಣ್ಣ ಮಾತ್ರ ನೋಡ್ಬೇಡಿ, ಸವರಿ ನೋಡಿ," ಅಂದಳು. ನಿಜ, ಈ ರುಚಿ ಅರ್ಧ ಬೆರಳಿನದು.

ಬಿರುಕಿನ ಅಗಲದ ಬಗ್ಗೆಯೂ ಅವಳು ತಲೆ ಕೆಡಿಸಿಕೊಳ್ಳುತ್ತಾಳೆ, ಅದರ ಹಿಂದೆ ಒಂದು ನಿಯಮವಿದೆ. ಬಂಡೆಯ ಸೀಳಿನಲ್ಲಿ ಹರಿಯುವ ನೀರು ಸೀಳಿನ ಅಗಲದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಗಲ ಎರಡರಷ್ಟಾದರೆ ನೀರು ಎಂಟರಷ್ಟು. ಕೂದಲೆಳೆಯ ವ್ಯತ್ಯಾಸದಲ್ಲಿ ಒಣ ಸುರಂಗ, ಒಸರುವ ಸುರಂಗ ಬೇರೆಯಾಗುತ್ತವೆ.

ನನಗೆ ಅತ್ಯಂತ ಹಿಡಿಸಿದ್ದು ಲುಜಿಯಾನ್ ಪರೀಕ್ಷೆ. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಮೋರಿಸ್ ಲುಜಿಯಾನ್ 1933ರಲ್ಲಿ ಹೇಳಿಕೊಟ್ಟದ್ದು. ಕೊರೆದ ತೂತಿನ ಒಂದಿಷ್ಟು ಉದ್ದವನ್ನು ರಬ್ಬರಿನ ಪ್ಯಾಕರ್‌ನಿಂದ ಬಿಗಿದು, ಒಳಗೆ ನೀರು ಒತ್ತುತ್ತಾರೆ. ಹತ್ತು ಬಾರ್ ಒತ್ತಡದಲ್ಲಿ ಒಂದು ಮೀಟರ್ ಬಂಡೆ ನಿಮಿಷಕ್ಕೆ ಒಂದು ಲೀಟರ್ ಕುಡಿದರೆ ಅದು ಒಂದು ಲುಜಿಯಾನ್. ಸೊಗಸಿರುವುದು ಈ ಅಂಕಿಯಲ್ಲಲ್ಲ, ಒತ್ತಡವನ್ನು ಮೂರು ಮೆಟ್ಟಿಲು ಏರಿಸಿ ಮತ್ತೆ ಎರಡು ಮೆಟ್ಟಿಲು ಇಳಿಸುವುದರಲ್ಲಿ. ಗರಿಷ್ಠ ಒತ್ತಡದಲ್ಲಿ ಮಾತ್ರ ಲುಜಿಯಾನ್ ಲೆಕ್ಕ ಏರಿ, ಇಳಿಸಿದಾಗ ಮೊದಲಿನಂತಾದರೆ, ಬಿರುಕು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಿದೆ. ಇಳಿಸುವಾಗಲೂ ಹೆಚ್ಚುತ್ತಲೇ ಹೋದರೆ ಒಳಗಿನ ಜೇಡಿ ಕೊಚ್ಚಿಹೋಗಿದೆ. ಬರಬರುತ್ತ ಕಡಿಮೆಯಾದರೆ ಸೀಳುಗಳು ತುಂಬಿಕೊಳ್ಳುತ್ತಿವೆ. ಕಣ್ಣಿಗೆ ಬೀಳದ ಒಂದು ಬಿರುಕಿನ ನಡತೆ ಐದು ಚುಕ್ಕಿಗಳಲ್ಲಿ ಕಾಣುತ್ತದೆ. ಇಷ್ಟು ಮಿತವಾದ, ಇಷ್ಟು ಪೂರ್ತಿಯಾದ ಪ್ರಯೋಗವನ್ನು ನಾನು ಹೆಚ್ಚು ಕಂಡಿಲ್ಲ.

ನಾರ್ವೆಯಲ್ಲಿ ನಿಕ್ ಬಾರ್ಟನ್ ಮತ್ತು ಸಂಗಡಿಗರು 1974ರಲ್ಲಿ ಕೊಟ್ಟ, ಬಂಡೆಯ ಯೋಗ್ಯತೆ ಅಳೆಯುವ ಕ್ಯೂ ಸೂತ್ರ ಇದನ್ನೆಲ್ಲ ಮೂರು ಭಿನ್ನರಾಶಿಗಳ ಗುಣಾಕಾರಕ್ಕೆ ತಂದು ನಿಲ್ಲಿಸುತ್ತದೆ: ತುಂಡಿನ ಗಾತ್ರ, ಬಿರುಕಿನ ಹಿಡಿತ, ನೀರು ಮತ್ತು ಒತ್ತಡ. ನೀರಿನ ಪಾಲಿಗೆ ಒಣ ಬಂಡೆಗೆ 1, ಭಾರಿ ನೀರು ನುಗ್ಗುವಲ್ಲಿ 0.05. ನೀರೊಂದೇ ಬಂಡೆಯ ಯೋಗ್ಯತೆಯನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಬಲ್ಲದು.

ಬೆಂಗಳೂರಿನಲ್ಲಿ ಬಿರುಕು ಓದುವ ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಮೆಟ್ರೋದ ಗುಲಾಬಿ ಮಾರ್ಗದಲ್ಲಿ. ಡೇರಿ ವೃತ್ತದಿಂದ ನಾಗವಾರದವರೆಗೆ ಹದಿಮೂರು ಕಿ.ಮೀ.ಗೂ ಮಿಕ್ಕಿದ ನೆಲದಡಿಯ ಹಾದಿ. ಊರ್ಜಾ, ವಿಂಧ್ಯಾ, ತುಂಗಾ, ಭದ್ರಾ ಸೇರಿ ಒಂಬತ್ತು ಯಂತ್ರಗಳು 2020ರಿಂದ 2024ರವರೆಗೆ ಕೊರೆದವು. ಗರಸಿಗೂ ಗಟ್ಟಿ ಬಂಡೆಗೂ ನಡುವಿನ ಗಡಿ ಇಲ್ಲಿ ಸಮತಟ್ಟಿಲ್ಲ, ಏರಿಳಿಯುತ್ತದೆ. ಯಂತ್ರದ ಮುಖದ ಮೇಲರ್ಧಕ್ಕೆ ಮೆದು ಮಣ್ಣು, ಕೆಳಗರ್ಧಕ್ಕೆ ನೈಸ್ ಸಿಕ್ಕರೆ ಮಣ್ಣು ಬೇಗ ಒಳಬರುತ್ತದೆ, ಬಂಡೆ ಹಟ ಹಿಡಿಯುತ್ತದೆ. ನೀರಿನ ಸೆಲೆಯೂ ಬಹಳ ಕಡೆ ಆ ಗಡಿಯಲ್ಲೇ. ಅಲ್ಲಿಂದ ನೀರು ಸುರಂಗಕ್ಕೆ ಇಳಿದರೆ ಮೇಲಿನ ಮಣ್ಣು ಕುಸಿಯುತ್ತದೆ, ಮನೆಯ ಗೋಡೆ ಬಿರಿಯುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯವರು ಈ ಗಡಿಯನ್ನು ನೋಡಲು ಸುರಂಗಕ್ಕೆ ಇಳಿಯಬೇಕಿಲ್ಲ. ಐಟಿ ಕಟ್ಟಡದ ನೆಲಮಾಳಿಗೆಗೆ ತೋಡಿದ ಗುಂಡಿಯ ಗೋಡೆಯಲ್ಲಿ ಕೆಂಪು, ಹಳದಿ, ಬೂದಿ ಒಂದರ ಕೆಳಗೊಂದು ಕಾಣುತ್ತವೆ, ಎಷ್ಟೋ ಸಲ ಬೂದಿಯ ನೆತ್ತಿಯಲ್ಲೇ ಒಸರು. ಕಾಂಕ್ರೀಟು ಬಂದು ಅದನ್ನು ಮುಚ್ಚುವ ಮೊದಲು ತಗಡಿನ ಬೇಲಿಯ ಸಂದಿಯಿಂದಾದರೂ ನೋಡಿಕೊಳ್ಳಬೇಕು. ಲಾಲ್‌ಬಾಗಿನ ಬಂಡೆಗೆ ಫಲಕ ಹಾಕಿ ಮನ್ನಣೆ ಕೊಟ್ಟ ಊರು ನಮ್ಮದು. ನೆಲದಡಿಯ ಒಂದೊಂದು ಮೆಟ್ರೋ ನಿಲ್ದಾಣದಲ್ಲೂ ಆಯಾ ಜಾಗದ ಕೋರ್ ಪೆಟ್ಟಿಗೆಯೊಂದನ್ನು ಗಾಜಿನೊಳಗೆ ಇಟ್ಟು, ಅದರ ಬಿರುಕುಗಳು ಎಷ್ಟು ನೀರು ಕುಡಿದವು ಎಂಬ ಐದು ಚುಕ್ಕಿಗಳನ್ನೂ ಪಕ್ಕದಲ್ಲಿ ಬರೆದಿಡಲಿ ಎಂಬುದು ನನ್ನ ಬಲವಾದ ಆಸೆ.