ಅನ್ನದ ಸಾಲು, ಅಕ್ಷರದ ಸಾಲು: ಕೋಡಿಮಠದ ಶಾಸನದ ಮರುಓದು

ಶಿಕ್ಷಣ, ಆರೈಕೆ, ಸಾಮಾಜಿಕ ಕ್ಷೇಮ ಎಂಬ ಮೂರು ವಿಷಯಗಳನ್ನು ಇಂದಿನ ವಿಶ್ವವಿದ್ಯಾಲಯಗಳು ಮೂರು ಪ್ರತ್ಯೇಕ ವಿಭಾಗಗಳಲ್ಲಿಟ್ಟು ಅಭ್ಯಸಿಸುತ್ತವೆ. ಪಠ್ಯಕ್ರಮ ಶಿಕ್ಷಣಶಾಸ್ತ್ರದವರದು, ರೋಗ ವೈದ್ಯರದು, ನಿರ್ಗತಿಕರು ಸಮಾಜಕಾರ್ಯ ವಿಭಾಗದವರ ಪಾಲು. ಕನ್ನಡ ಸಂಶೋಧನೆಯೂ ಈ ಹಂಚಿಕೆಯನ್ನು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡಂತೆ ತೋರುತ್ತದೆ. ಪ್ರಾಚೀನ ಕರ್ನಾಟಕದ ಶಿಕ್ಷಣವನ್ನು ಕುರಿತ ನಮ್ಮ ಬರಹಗಳಲ್ಲಿ ವೇದ, ವ್ಯಾಕರಣ, ತರ್ಕಗಳ ಪಟ್ಟಿ ದೊರೆಯುತ್ತದೆ. ದಾನದತ್ತಿಗಳನ್ನು ಕುರಿತ ಬರಹಗಳಲ್ಲಿ ಅನ್ನಸತ್ರಗಳ ಪಟ್ಟಿ ದೊರೆಯುತ್ತದೆ. ಈ ಎರಡು ಪಟ್ಟಿಗಳೂ ಒಂದೇ ಕಲ್ಲಿನ ಮೇಲೆ ಒಂದರ ಬೆನ್ನಿಗೊಂದು ಕೆತ್ತಲ್ಪಟ್ಟಿರುವಾಗಲೂ ನಾವು ಅವನ್ನು ಬೇರೆ ಬೇರೆ ಅಧ್ಯಾಯಗಳಿಗೆ ಸಾಗಿಸಿದ್ದೇವೆ. ಹಾಗೆ ಮಾಡಿದ್ದರಿಂದ ಕಳೆದುಕೊಂಡದ್ದೇನು ಎಂಬುದನ್ನು ಒಂದು ಪ್ರಸಿದ್ಧ ಶಾಸನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠ ಕಾಳಾಮುಖ ಶೈವರ ಬಹುದೊಡ್ಡ ಕೇಂದ್ರ. ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. ೧೧೬೨ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟ ೧೯೦೨ರಲ್ಲಿ ಪ್ರಕಟವಾದಂದಿನಿಂದ ಈ ಶಾಸನವು ವಿದ್ವಾಂಸರಿಗೆ ಚಿರಪರಿಚಿತ. ಮಠದ ಒಂದೊಂದು ಕಾರ್ಯವನ್ನೂ ಹೇಳಿ, ಮಠವು ಅದಕ್ಕೆ 'ಸ್ಥಾನ'ವೆಂದು ಮತ್ತೆ ಮತ್ತೆ ನುಡಿಯುವುದು ಅದರ ರಚನಾಕ್ರಮ. ನಾಲ್ಕು ವೇದಗಳನ್ನು ಅಂಗಸಹಿತವಾಗಿ ಓದುವ ಸ್ಥಾನ. ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುವ ಸ್ಥಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧದರ್ಶನವನ್ನೂ ವಿವರಿಸುವ ಸ್ಥಾನ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಸ್ಥಾನ.

ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ ಅದು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಬೇರೆ ಬೇರೆ ಪಂಥಗಳ ಭಿಕ್ಷುಕರು, ಇವರೆಲ್ಲರಿಗೂ ಅನ್ನವಿಕ್ಕುವ ಸ್ಥಾನವೆಂದು ಮಠವನ್ನು ಕರೆಯುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆನ್ನುತ್ತದೆ. ಕೊನೆಗೆ ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನವೆಂದು ಮುಗಿಸುತ್ತದೆ.

ಈ ಶಾಸನವನ್ನು ನಾವೂ ಬಹುಕಾಲ ತರಗತಿಯಲ್ಲಿ ಅರ್ಧವಾಗಿಯೇ ಪಾಠ ಮಾಡಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು. ವ್ಯಾಕರಣ, ದರ್ಶನಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ಉಳಿದುದನ್ನು 'ಇತ್ಯಾದಿ ಧರ್ಮಕಾರ್ಯಗಳು' ಎಂಬ ಮಾತಿನಲ್ಲಿ ಮುಗಿಸುತ್ತಿದ್ದೆವು. ಕುರುಡರು ಕಿವುಡರು ಕರಿಹಲಗೆಗೆ ಏರಲಿಲ್ಲ. ಆದರೆ ಶಾಸನಕಾರನು 'ಇತ್ಯಾದಿ' ಎಂದು ಕೈಬಿಟ್ಟವನಲ್ಲ. ವ್ಯಾಕರಣಗಳನ್ನು ಎಷ್ಟು ಶ್ರದ್ಧೆಯಿಂದ ಹೆಸರಿಸಿದನೋ ಅಷ್ಟೇ ಶ್ರದ್ಧೆಯಿಂದ ಹಸಿದವರನ್ನೂ ಹೆಸರಿಸಿದ್ದಾನೆ. ಅವನಿಗೆ ಇವು ಒಂದೇ ಸಂಸ್ಥೆಯ ಒಂದೇ ಕಾರ್ಯ.

೨

ಅಧ್ಯಯನವನ್ನೂ ಆರೈಕೆಯನ್ನೂ ಹೀಗೆ ಜೊತೆಯಾಗಿ ಕಾಣುವ ದೃಷ್ಟಿ ಕಾಳಾಮುಖರಿಗೆ ಮಾತ್ರ ವಿಶಿಷ್ಟವಾದುದಲ್ಲ. ಜೈನರ 'ತತ್ತ್ವಾರ್ಥಸೂತ್ರ'ವು ಆರು ಆಭ್ಯಂತರ ತಪಸ್ಸುಗಳನ್ನು ಹೇಳುವಾಗ ಮೂರನೆಯದಾಗಿ ವೈಯಾವೃತ್ಯವನ್ನೂ ನಾಲ್ಕನೆಯದಾಗಿ ಸ್ವಾಧ್ಯಾಯವನ್ನೂ ಇಡುತ್ತದೆ. ವೈಯಾವೃತ್ಯವೆಂದರೆ ರೋಗಿಗಳಾದ, ಬಳಲಿದ, ವೃದ್ಧರಾದ ಮುನಿಗಳ ಶುಶ್ರೂಷೆ, ಸ್ವಾಧ್ಯಾಯವೆಂದರೆ ಶಾಸ್ತ್ರಾಭ್ಯಾಸ. ಉಪವಾಸವು ಬಾಹ್ಯ ತಪಸ್ಸಾದರೆ ಶುಶ್ರೂಷೆಯು ಆಭ್ಯಂತರ ತಪಸ್ಸು. ಮೈಮುಟ್ಟಿ ಮಾಡುವ ಕೆಲಸವನ್ನು ಒಳಗಿನ ಸಾಧನೆಯೆಂದು ಎಣಿಸಿ, ಅದನ್ನು ಓದಿನ ಪಕ್ಕದಲ್ಲಿಯೇ ಕೂರಿಸಿರುವುದು ಗಮನಾರ್ಹ.

ಇದಕ್ಕೆ ಕಥಾರೂಪದ ನಿದರ್ಶನವೊಂದು ಕನ್ನಡಕ್ಕೂ ಬಂದಿದೆ. ನಯಸೇನನು ೧೧೧೨ರಲ್ಲಿ ರಚಿಸಿದ 'ಧರ್ಮಾಮೃತ'ದಲ್ಲಿ ಸಮ್ಯಕ್ತ್ವದ ಎಂಟು ಅಂಗಗಳಿಗೆ ಒಂದೊಂದು ಕಥೆಯಿದ್ದು, ನಿರ್ವಿಚಿಕಿತ್ಸೆಗೆ, ಅಂದರೆ ಹೇಸಿಗೆಪಡದಿರುವ ಗುಣಕ್ಕೆ, ಉದ್ದಾಯನನ ಕಥೆ ನಿದರ್ಶನ. ಜೈನ ಕಥಾಪರಂಪರೆಯಲ್ಲಿ ಪ್ರಸಿದ್ಧವಾದ ಈ ಕಥೆಯಲ್ಲಿ ದೇವನೊಬ್ಬ ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದು ಅರಸನಿಕ್ಕಿದ ಆಹಾರವನ್ನು ಉಂಡು ಕಾರಿಕೊಳ್ಳುತ್ತಾನೆ. ದುರ್ಗಂಧಕ್ಕೆ ಪರಿಜನರು ಓಡಿಹೋಗುತ್ತಾರೆ. ಅರಸನೂ ರಾಣಿ ಪ್ರಭಾವತಿಯೂ ಅಲ್ಲಿಯೇ ಉಳಿದು ಅವನ ಮೈ ತೊಳೆಯುತ್ತಾರೆ. ಕೊಡಬಾರದ ಆಹಾರವನ್ನು ಕೊಟ್ಟೆನೆಂದು ಅರಸನು ತನ್ನನ್ನೇ ನಿಂದಿಸಿಕೊಳ್ಳುತ್ತಾನೆ.

ಆರೈಕೆಯ ನಿಜವಾದ ಪರೀಕ್ಷೆ ಎಲ್ಲಿ ನಡೆಯುತ್ತದೆಂಬುದನ್ನು ಈ ಕಥೆ ಚೆನ್ನಾಗಿ ಬಲ್ಲದು. ಅನ್ನವಿಕ್ಕುವಾಗಲ್ಲ, ಉಂಡದ್ದು ಹೊರಬಂದಾಗ. ಆದರೂ ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಓಡಿಹೋದ ಆ ಪರಿಜನರು ಯಾರು? ಅರಮನೆಯಲ್ಲಿ ನಿತ್ಯವೂ ತೊಳೆಯುವ, ಬಳಿಯುವ, ಎತ್ತಿಹಾಕುವ ಕೆಲಸ ಅವರದೇ ಆಗಿದ್ದಿರಬೇಕು. ಅರಸನು ಒಂದು ದಿನ ಮಾಡಿದ ಶುಶ್ರೂಷೆ ಕಥೆಯಾಗಲು, ದಿನವೂ ಮಾಡುವವರು ಆ ಹೊತ್ತಿಗೆ ರಂಗದಿಂದ ಹೊರಗೆ ಓಡಬೇಕಾಯಿತು. ಕಥೆಯ ಹಿರಿಮೆಯನ್ನು ಈ ಪ್ರಶ್ನೆ ಕುಗ್ಗಿಸುವುದಿಲ್ಲ. ಅದರ ಬೆಳಕು ಯಾರ ಮುಖದ ಮೇಲೆ ಬೀಳುತ್ತದೆಂಬುದನ್ನು ತೋರಿಸುತ್ತದೆ.

೩

ಈ ಪ್ರಶ್ನೆಯನ್ನು ಹಿಡಿದು ಕೋಡಿಮಠದ ಶಾಸನಕ್ಕೆ ಮರಳಿದರೆ ಅದರ ಮೌನವೊಂದು ಗೋಚರವಾಗುತ್ತದೆ. ಓದುವ ವಿಷಯಗಳು ಅಲ್ಲಿವೆ, ಉಣ್ಣುವವರು ಅಲ್ಲಿದ್ದಾರೆ, ಅಡುಗೆ ಮಾಡಿದವರಿಲ್ಲ. ರೋಗಿಗಳಿದ್ದಾರೆ, ಕಷಾಯ ಕುದಿಸಿದವರಿಲ್ಲ. ಇನ್ನೊಂದು ಮೌನವೂ ಉಂಟು. ಉಣ್ಣುವವರ ಪಟ್ಟಿ ಅತ್ಯಂತ ವಿಶಾಲವಾದದ್ದು. ಓದಿನ ಪಟ್ಟಿಯಲ್ಲಿ ಓದುವವರು ಯಾರೆಂಬುದರ ವಿವರವೇ ಇಲ್ಲ. ಅನ್ನದ ಸಾಲಿನಲ್ಲಿ ಕುಳಿತ ಕುಂಟ, ಕುರುಡ, ಹಾಡುಗಾರ ಅಕ್ಷರದ ಸಾಲಿಗೂ ಬರಬಹುದಾಗಿತ್ತೆಂದು ನಂಬಲು ಶಾಸನ ಯಾವ ಆಧಾರವನ್ನೂ ಕೊಡುವುದಿಲ್ಲ. ಅನ್ನದ ಸಾಲು ಅಕ್ಷರದ ಸಾಲಿಗಿಂತ ಉದ್ದವಾಗಿತ್ತು ಎಂಬುದೇ ನಮ್ಮ ಮಧ್ಯಕಾಲೀನ ವಿದ್ಯಾಕೇಂದ್ರಗಳ ಹಿರಿಮೆ. ಅದೇ ಅವುಗಳ ಮಿತಿ.

ಅಡುಗೆಯವರ ಗೈರುಹಾಜರಿಗೆ ಕಾರಣ ಕಾಲಧರ್ಮವೇ ಎಂದು ಕೆಲವರು ಹೇಳಬಹುದು. ಇತರ ಶಾಸನಗಳು ಈ ಸಮಾಧಾನವನ್ನು ಒಪ್ಪುವುದಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ೯೪೫ರ ಸಾಲೋಟಗಿ ಶಾಸನವು ವಿದ್ಯಾರ್ಥಿಗಳಿಗೆಂದು ೨೭ ಮನೆಗಳನ್ನೂ ದೀಪದೆಣ್ಣೆಗಾಗಿ ಭೂಮಿಯನ್ನೂ ಹೇಳುತ್ತದೆ. ಮದುವೆ, ಉಪನಯನಗಳ ಸಂದರ್ಭದಲ್ಲಿ ಊರವರು ಶಾಲೆಗೆ ಕೊಡಬೇಕಾದ ಕಾಣಿಕೆಯನ್ನೂ ಗೊತ್ತುಪಡಿಸುತ್ತದೆ. ೧೦೫೮ರ ನಾಗಾವಿಯ ಘಟಿಕಾಸ್ಥಾನದ ಶಾಸನವು ವೇದ ಓದುವ ೨೦೦ ವಿದ್ಯಾರ್ಥಿಗಳನ್ನು ಮಾತ್ರವಲ್ಲದೆ ಪುಸ್ತಕಗಳನ್ನು ಕಾಯುವ ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಮರೆಯುವುದಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನ, ವೀರರಾಜೇಂದ್ರ ಚೋಳನ ಕಾಲದ ಹನ್ನೊಂದನೆಯ ಶತಮಾನದ ಶಾಸನವಂತೂ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಶಾಲೆ, ವಿದ್ಯಾರ್ಥಿನಿಲಯ, ೧೫ ಹಾಸಿಗೆಗಳ ಆತುರಶಾಲೆ ಮೂರೂ ಒಂದೇ ದೇವಾಲಯದ ಆಶ್ರಯದಲ್ಲಿವೆ. ವೈದ್ಯ, ಶಸ್ತ್ರವೈದ್ಯ, ಮೂಲಿಕೆ ಸೌದೆ ತರುವ ಇಬ್ಬರು, ರೋಗಿಗಳನ್ನು ನೋಡಿಕೊಳ್ಳುವ ಇಬ್ಬರು ಹೆಂಗಸರು, ಕ್ಷೌರಿಕ, ನೀರು ಹೊರುವವ, ಇವರೆಲ್ಲರೂ ತಂತಮ್ಮ ಸಂಬಳದ ಲೆಕ್ಕದೊಡನೆ ಕಲ್ಲಿನಲ್ಲಿದ್ದಾರೆ. ವಿದ್ಯಾರ್ಥಿಗಳ ಶನಿವಾರದ ಸ್ನಾನದ ಎಣ್ಣೆಗೂ ಅಲ್ಲಿ ಲೆಕ್ಕವಿದೆ.

ಈ ವ್ಯತ್ಯಾಸಕ್ಕೆ ಕಾರಣವೇನು? ತಮಿಳರ ದಯೆ ಹೆಚ್ಚು, ಕನ್ನಡಿಗರ ದಯೆ ಕಡಿಮೆ ಎಂದು ಹೇಳಿದರೆ ಅದು ಬಾಲಿಶವಾದೀತು. ಕಾರಣ ಬರವಣಿಗೆಯ ಪ್ರಕಾರದಲ್ಲಿದೆ ಎಂದು ನಮಗೆ ತೋರುತ್ತದೆ. ತಿರುಮುಕ್ಕೂಡಲಿನದು ಲೆಕ್ಕಪತ್ರ, ಕೋಡಿಮಠದ ಈ ಭಾಗ ಪ್ರಶಸ್ತಿ. ಲೆಕ್ಕಪತ್ರಕ್ಕೆ ಯಾರ ಕೈಗೆ ಎಷ್ಟು ಭತ್ತ ಹೋಗಬೇಕೆಂಬುದು ಮುಖ್ಯ. ಆದುದರಿಂದ ಕೈಗಳು ಅದರಲ್ಲಿ ಕಾಣುತ್ತವೆ. ಪ್ರಶಸ್ತಿಗೆ ಸ್ಥಳದ ಮಹಿಮೆ ಮುಖ್ಯ. ಅನ್ನ ತಾನಾಗಿಯೇ ಬೆಂದಂತೆ, ಔಷಧ ತಾನಾಗಿಯೇ ಅರೆದುಕೊಂಡಂತೆ ಅಲ್ಲಿ ತೋರುತ್ತದೆ. ನಮ್ಮ ಸಂಶೋಧನೆಯ ದೋಷವೆಂದರೆ ಪ್ರಶಸ್ತಿಯನ್ನು ಓದಿ ಪ್ರಶಸ್ತಿಯನ್ನೇ ಮರಳಿ ಬರೆದದ್ದು. ಬಳ್ಳಿಗಾವೆಯನ್ನು ಹೊಗಳಿದ ಶಾಸನವನ್ನು ನಾವು ಕರ್ನಾಟಕದ ಹೊಗಳಿಕೆಯನ್ನಾಗಿ ವಿಸ್ತರಿಸಿದೆವು, ಅಷ್ಟೆ.

೪

ಬಿಜ್ಜಳನ ಆಳ್ವಿಕೆಯ ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಇನ್ನೊಂದು ಬಗೆಯ ದಾಖಲೆ ರೂಪುಗೊಳ್ಳುತ್ತಿತ್ತು. ವಚನಕಾರರ ದಾಸೋಹಕ್ಕೆ ರಾಜದತ್ತಿಯ ಭೂಮಿಯಲ್ಲ, ಕಾಯಕವೇ ಮೂಲ. ಇದರ ಪರಿಣಾಮ ಹೆಸರುಗಳಲ್ಲಿಯೇ ಕಾಣುತ್ತದೆ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಕದಿರ ರೆಮ್ಮವ್ವೆ ನೂಲುವವಳು, ಆಯ್ದಕ್ಕಿ ಲಕ್ಕಮ್ಮ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನ ಮಡದಿ. ಅನ್ನದ ಹಿಂದಿನ ಕೈಗಳು ಇಲ್ಲಿ ಹೆಸರಿಗೆ ಮುಂಚೆಯೇ ನಿಂತಿವೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಆಸೆಯೆಂದು ಕರೆದು, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಸುಪ್ರಸಿದ್ಧ. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಸೆಯ ನೀತಿಯಾಗಿ ಓದುತ್ತೇವೆ. ಆದರೆ ಅಡುಗೆಯ ಒಲೆಯ ಮುಂದಿನ ಹೆಂಗಸು ಎಷ್ಟು ಸಾಕು ಎಂಬುದನ್ನು ನಿರ್ಣಯಿಸುವ ಅಧಿಕಾರವನ್ನು ಪಡೆದದ್ದು ಇಲ್ಲಿ ಅಷ್ಟೇ ಮಹತ್ತ್ವದ ಸಂಗತಿ. ಅನ್ನವಿಕ್ಕುವವಳು ಇಲ್ಲಿ ಮಾತನಾಡುತ್ತಾಳೆ. ಅವಳ ಮಾತು ಅನುಭಾವದ ಚರ್ಚೆಯೂ ಆಗುತ್ತದೆ. ಅನ್ನದ ಸಾಲೂ ಅಕ್ಷರದ ಸಾಲೂ ಕೂಡಿದ್ದು ಇಂಥ ಕಡೆ.

೫

ಇಷ್ಟು ದೂರದ ಶಾಸನದ ಓದಿಗೆ ಇಂದಿನ ಪ್ರಸ್ತುತತೆ ಏನೆಂದು ಕೇಳಬಹುದು. ಕರ್ನಾಟಕ ಸರ್ಕಾರವು ೨೦೦೨ರಲ್ಲಿ ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ 'ಅಕ್ಷರ ದಾಸೋಹ' ಎಂಬ ಹೆಸರಿಟ್ಟಿತು. ಬೇಯಿಸಿದ ಊಟವನ್ನೇ ಮಕ್ಕಳಿಗೆ ಕೊಡಬೇಕೆಂದು ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು. ಆದೇಶ ದೇಶಕ್ಕೆಲ್ಲ ಒಂದೇ. ಆದರೆ ಓದನ್ನೂ ಊಟವನ್ನೂ ಒಂದೇ ಸಮಾಸದಲ್ಲಿ ಬೆಸೆದ ಹೆಸರು ಕನ್ನಡದ್ದು. ಇಲ್ಲಿ ಎರಡು ಸಾಲುಗಳೂ ಒಂದೇ ಮಕ್ಕಳವು. ಕೋಡಿಮಠದ ಮಿತಿಯೊಂದನ್ನು ಈ ಯೋಜನೆ ದಾಟಿದೆ.

ಇನ್ನೊಂದು ಮಿತಿಯನ್ನು ದಾಟಿದೆಯೆಂದು ಹೇಳಲಾರೆವು. ಈ ಊಟವನ್ನು ಬೇಯಿಸುವವರಲ್ಲಿ ಬಹುಪಾಲು ಹೆಂಗಸರು. ಅವರಿಗೆ ಸಲ್ಲುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಅದು 'ಗೌರವಧನ'. ಕೇಂದ್ರ ಸರ್ಕಾರವು ೨೦೦೯ರಲ್ಲಿ ನಿಗದಿಪಡಿಸಿದ್ದು ತಿಂಗಳಿಗೆ ೧,೦೦೦ ರೂಪಾಯಿ, ಅದೂ ವರ್ಷದಲ್ಲಿ ೧೦ ತಿಂಗಳಿಗೆ. ರಾಜ್ಯಗಳು ತಮ್ಮ ಪಾಲನ್ನು ಸೇರಿಸಬಹುದು, ಹೆಸರು ಬದಲಾಗುವುದಿಲ್ಲ. ದುಡಿಮೆಯನ್ನು ಗೌರವವೆಂದು ಕರೆದು ಲೆಕ್ಕದಿಂದ ಹೊರಗಿಡುವ ಈ ಭಾಷೆ ನಮಗೆ ಅಪರಿಚಿತವಲ್ಲ. ಅದು ಪ್ರಶಸ್ತಿಯ ಭಾಷೆ. ಹನ್ನೊಂದನೆಯ ಶತಮಾನದ ಲೆಕ್ಕಿಗನೊಬ್ಬ ನೀರು ಹೊರುವವನ ಕೂಲಿಯನ್ನು ಕಲ್ಲಿನಲ್ಲಿ ಬರೆಯಿಸಿದ್ದನೆಂಬುದನ್ನು ನೆನೆದರೆ ಈ ಗೌರವದ ಬೆಲೆ ತಿಳಿಯುತ್ತದೆ.

ಶಿಕ್ಷಣ ಮತ್ತು ಕ್ಷೇಮವನ್ನು ಕುರಿತ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕನ್ನಡ ಅಧ್ಯಯನ ನೀಡಬಹುದಾದ ನೆರವು ಇಲ್ಲಿದೆ. ದಾಖಲೆಯೊಂದು ಪ್ರಶಸ್ತಿಯೋ ಲೆಕ್ಕಪತ್ರವೋ ಎಂಬ ವಿವೇಕವನ್ನು ಶಾಸನಾಭ್ಯಾಸ ನಮಗೆ ಕಲಿಸಿದೆ. ಇಂದಿನ ಯೋಜನಾವರದಿಗಳಿಗೂ, ನಮ್ಮ ವಿಶ್ವವಿದ್ಯಾಲಯಗಳ ವಾರ್ಷಿಕ ವರದಿಗಳಿಗೂ ಅದನ್ನು ಅನ್ವಯಿಸಬೇಕಾಗಿದೆ. ವಿದ್ಯಾರ್ಥಿನಿಲಯದ ಅಡುಗೆಮನೆಯ ಕೆಲಸದವರ ಹಾಜರಿಪುಸ್ತಕವೂ ಒಂದು ವಿದ್ಯಾಸಂಸ್ಥೆಯ ಇತಿಹಾಸಕ್ಕೆ ಆಕರವೆಂದು ಒಪ್ಪುವ ಸಂಶೋಧನಾರ್ಥಿ ನಮಗೆ ಬೇಕು. ನಾಡಿನ ಹೊರಗಿದ್ದು ಕನ್ನಡ ಕಲಿಸುವ ನಮ್ಮಂಥವರಿಗೆ ಪರಂಪರೆಯನ್ನು ಪ್ರಶಸ್ತಿಯಾಗಿಯೇ ಒಪ್ಪಿಸುವ ಆಸೆ ತುಸು ಹೆಚ್ಚು. ಆ ಆಸೆಯನ್ನು ಹಿಂತೆಗೆದು, ಕರಿಹಲಗೆಯ ಮೇಲೆ ಇನ್ನು ಮುಂದೆ ಎರಡು ಪಟ್ಟಿಗಳನ್ನೂ ಬರೆಯುವುದು, ಬಳಿಕ ಅವುಗಳ ನಡುವೆ ಅಡುಗೆಯವರಿಗಾಗಿ ಒಂದು ಸಾಲನ್ನು ಖಾಲಿ ಬಿಡುವುದು ನಾವು ಮಾಡಬಹುದಾದ ಮೊದಲ ತಿದ್ದುಪಡಿ.